ಹವಳದ ತೊಟ್ಟಿಯ ಮೇಲೆ ದೀಪ ಎಷ್ಟು ಎತ್ತರದಲ್ಲಿರಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮ್ಮ ಮನೆಯಲ್ಲಿ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು 45 ಸೆಂ.ಮೀ. ಆಳದ ಉಪ್ಪುನೀರಿನ ತೊಟ್ಟಿಯಿದ್ದು, ಅದರಲ್ಲಿ ಮಶ್ರೂಮ್ ಹಾಗೂ ಜೊವಾಂಥಿಡ್ ಎಂಬ ಮೆದು ಹವಳಗಳನ್ನು ಸಾಕುತ್ತಿದ್ದೇನೆ. 90 ಡಿಗ್ರಿ ಲೆನ್ಸಿನ ಎರಡು ಎಲ್‌ಇಡಿ ದೀಪಗಳು ನೀರಿನಿಂದ 10 ಸೆಂ.ಮೀ. ಮೇಲಿವೆ. ಒಂದು ದೀಪದ ನೇರ ಕೆಳಗಿರುವ ಮಶ್ರೂಮ್ ಮುದುಡಿ ಬಿಳಿಚಿಕೊಂಡಿದೆ; ಮೂಲೆಯ ಜೊವಾಂಥಿಡ್‌ಗಳು ಕತ್ತು ಚಾಚಿ ನಿಂತಿವೆ. ದೀಪವನ್ನು ಎತ್ತರಿಸಬೇಕೋ, ಪ್ರಕಾಶವನ್ನು ತಗ್ಗಿಸಬೇಕೋ?

ಉತ್ತರ: ನಿಮ್ಮ ಹವಳಗಳೇ ಉತ್ತರ ಹೇಳುತ್ತಿವೆ. ಒಂದೇ ತೊಟ್ಟಿಯಲ್ಲಿ ಒಂದು ಕಡೆ ಬೆಳಕು ಹೆಚ್ಚಾಗಿ ಮತ್ತೊಂದು ಕಡೆ ಸಾಲದೆ ಹೋಗಿದ್ದರೆ, ದೋಷವಿರುವುದು ಬೆಳಕಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಹರವಿನಲ್ಲಿ. ಹರವನ್ನು ಎತ್ತರದಿಂದ ಸರಿಪಡಿಸಬೇಕು, ಪ್ರಕಾಶವನ್ನು ಡಿಮ್ಮರ್‌ನಿಂದ. ಈ ಎರಡು ಕೆಲಸಗಳನ್ನು ಬೆರೆಸಿಕೊಂಡು ತೊಂದರೆಗೆ ಸಿಕ್ಕ ತೊಟ್ಟಿಗಳನ್ನು ನಾನು ಮೈಸೂರಿನಲ್ಲೂ ಮಂಡ್ಯದಲ್ಲೂ ಮತ್ತೆ ಮತ್ತೆ ನೋಡಿದ್ದೇನೆ.

ಲೆಕ್ಕ ಸರಳವಾಗಿದೆ. 90 ಡಿಗ್ರಿ ಲೆನ್ಸಿನ ಬೆಳಕು, ದೀಪ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಅಗಲದ ವೃತ್ತವಾಗಿ ನೀರಿನ ಮೇಲೆ ಬೀಳುತ್ತದೆ. ಅಂದರೆ ಈಗ ನಿಮ್ಮಲ್ಲಿ ಬೀಳುತ್ತಿರುವುದು 20 ಸೆಂ.ಮೀ. ಅಗಲದ ಎರಡು ವೃತ್ತಗಳು ಮಾತ್ರ. ಅಷ್ಟೇ ಅಲ್ಲ, ಓರೆಯಾಗಿ ಬಂದ ಕಿರಣ ನೀರಿಗೆ ಇಳಿಯುತ್ತಲೇ ಲಂಬದ ಕಡೆಗೆ ಬಾಗುವುದರಿಂದ (45 ಡಿಗ್ರಿಯ ಕಿರಣ ಸುಮಾರು 32 ಡಿಗ್ರಿಗೆ ಬರುತ್ತದೆ), ನೀರಿನೊಳಗೆ ಬೆಳಕು ನಾವು ಊಹಿಸಿದಷ್ಟು ಹರಡುವುದಿಲ್ಲ. ಹರವು ಬೇಕಾದರೆ ಅದನ್ನು ನೀರಿನ ಮೇಲೆಯೇ ಗಳಿಸಿಕೊಳ್ಳಬೇಕು. ಪ್ರತಿ ದೀಪವೂ 45 ಸೆಂ.ಮೀ. ಉದ್ದವನ್ನು ಬೆಳಗಬೇಕಾದ ನಿಮ್ಮ ತೊಟ್ಟಿಗೆ 22ರಿಂದ 25 ಸೆಂ.ಮೀ. ಎತ್ತರ ಸರಿಹೋಗುತ್ತದೆ. ಇನ್ನೂ ಮೇಲಕ್ಕೆ ಒಯ್ದರೆ ಬೆಳಕು ಗಾಜಿನ ಹೊರಗೆ, ಕೋಣೆಯೊಳಗೆ ಚೆಲ್ಲಿಹೋಗುತ್ತದೆ.

ಎತ್ತರಿಸಿದ ಮೇಲೆ ಪ್ರಕಾಶವನ್ನು ಕೂಡಲೇ ಹೆಚ್ಚಿಸಬೇಡಿ. ಬಿಳಿಚಿದ ಮಶ್ರೂಮ್ ತನ್ನ ಮೈಯೊಳಗಿನ ಪಾಚಿಯನ್ನು ಕಳೆದುಕೊಂಡಿರುತ್ತದೆ. ಅದರ ಆಹಾರದ ದೊಡ್ಡ ಪಾಲು ಬರುವುದು ಆ ಪಾಚಿಯಿಂದಲೇ. ಅದನ್ನು ಬಂಡೆಯ ನೆರಳಿನ ಬದಿಗೆ ಸರಿಸಿ, ಮೂರು ನಾಲ್ಕು ವಾರ ತಾಳ್ಮೆಯಿಂದ ಕಾಯಿರಿ. ಅಂಚು ಮತ್ತೆ ಚಪ್ಪಟೆಯಾಗಿ ಹರಡಿಕೊಂಡು ನಡುವಿನಿಂದ ಬಣ್ಣ ಮರಳಿದರೆ ಅದು ಉಳಿಯಿತೆಂದೇ ತಿಳಿಯಿರಿ. ಆ ದಿನದ ಸಂತೋಷ ಸಣ್ಣದಲ್ಲ.

ಮರುಪ್ರಶ್ನೆ (ಅದೇ ಸದಸ್ಯರು): ಬೆಳಕನ್ನು ಮೊಬೈಲಿನ ಲಕ್ಸ್ ಆ್ಯಪ್‌ನಿಂದ ಅಳೆಯಬಹುದೇ?

ಉತ್ತರ: ಆ ಅಂಕಿಯನ್ನು ನಂಬಬೇಡಿ. ಲಕ್ಸ್ ಎಂಬುದು ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆಯಾದ್ದರಿಂದ ಹಸಿರು ಬೆಳಕಿಗೆ ಹೆಚ್ಚು ಬೆಲೆ ಕೊಟ್ಟು, ಹವಳದ ದೀಪಗಳಲ್ಲಿ ತುಂಬಿರುವ ನೀಲಿಯನ್ನು ತೀರ ಕಡಿಮೆ ಎಣಿಸುತ್ತದೆ. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಸಮನಾಗಿ ಎಣಿಸುವ ಪಾರ್ ಮೀಟರ್ ಬೇಕು. ಅದು ದುಬಾರಿ, ಒಂದು ದಿನದ ಮಟ್ಟಿಗೆ ಯಾರಿಂದಲಾದರೂ ಎರವಲು ಪಡೆದರೆ ಸಾಕು. ನಿಮ್ಮ ಮೆದು ಹವಳಗಳಿಗೆ 50ರಿಂದ 150ರೊಳಗಿನ ಅಂಕಿ ಸಾಕು. ಮಶ್ರೂಮ್ ಅನ್ನು 100ರ ಕೆಳಗೇ ಇಡಿ. ಸೆನ್ಸರನ್ನು ನೀರಿನ ಮೇಲಲ್ಲ, ಹವಳ ಕುಳಿತ ಜಾಗದಲ್ಲೇ ಹಿಡಿಯಿರಿ. ಕಲ್ಲು ಹವಳಗಳಿಗೆ 300 ಬೇಕೆಂಬ ಮಾತನ್ನು ಕೇಳಿ ಆಸೆಪಡಬೇಡಿ. ನಮ್ಮ ಸಮುದ್ರದ ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅವು ಅಲ್ಲೇ ಇರಲಿ.

ಪ್ರಶ್ನೆ (ಮಂಡ್ಯ): ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆಂದು ಗಾಜಿನ ಮುಚ್ಚಳ ಹಾಕಿದ್ದೇನೆ. ಇದರಿಂದ ದೀಪದ ಎತ್ತರ ಬದಲಾಯಿಸಬೇಕೇ?

ಉತ್ತರ: ಬೇಡ. ಶುಭ್ರ ಗಾಜು ತಡೆಯುವ ಬೆಳಕು ಕಡಿಮೆ. ಅದರ ಮೇಲೆ ಕಟ್ಟಿಕೊಳ್ಳುವ ಉಪ್ಪಿನ ಪೊರೆಯೇ ಹೆಚ್ಚು ತಡೆಯುತ್ತದೆ. ವಾರಕ್ಕೊಮ್ಮೆ ಆರ್‌ಒ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆದರೆ ಮುಚ್ಚಳವಿದ್ದರೆ ನೀರಿನ ಕಾವು ಏರುತ್ತದೆ. ಥರ್ಮಾಮೀಟರ್ 28 ಡಿಗ್ರಿ ತೋರಿಸಿದ ದಿನ ಮುಚ್ಚಳ ತೆಗೆದು, ನೀರಿನ ಮೇಲೆ ಹಾಯುವಂತೆ ಸಣ್ಣ ಫ್ಯಾನ್ ಇಡಿ. ಆರಿದಷ್ಟು ಸಿಹಿನೀರನ್ನು ದಿನವೂ ತುಂಬಿರಿ. ದೀಪದ ವೈರು ಪ್ಲಗ್ಗಿಗೆ ಹೋಗುವ ಮೊದಲು ಅದಕ್ಕಿಂತ ಕೆಳಗೆ ಒಮ್ಮೆ ಜೋತುಬಿದ್ದಿರಲಿ, ಹನಿ ಹರಿದುಬಂದರೂ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.