ಸಹಾಯ ಬೇಕು: ಕಾಡಿಗೆ ಬೆಂಕಿ ಬಿದ್ದಾಗ ಕಣಕುಂಬಿ ರಸ್ತೆಯಲ್ಲಿ ಸೈಕಲ್‌ನಲ್ಲಿ ಹೋಗಲು ಬಿಡುತ್ತಾರಾ?

ನಮಸ್ಕಾರ ಎಲ್ಲರಿಗೂ. ನಾನು ಬೆಳಗಾವಿಯವನು. ಭಾನುವಾರ ಬಂದರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ತನಕ ಸೈಕಲ್ ಹೊಡೆಯುತ್ತೇನೆ. ಹೋದ ವಾರ ಜಾಂಬೋಟಿ ದಾಟಿದ ಮೇಲೆ ನೋಡಿದರೆ ರಸ್ತೆ ಪಕ್ಕದ ಹುಲ್ಲೆಲ್ಲ ಸುಟ್ಟು ಕರ್ರಗಾಗಿತ್ತು, ಒಂದು ಮರದ ಬುಡದಿಂದ ಇನ್ನೂ ಸಣ್ಣಗೆ ಹೊಗೆ ಬರುತ್ತಿತ್ತು, ಬೂದಿ ಹಾರಿ ಬಂದು ಎಣ್ಣೆ ಹಾಕಿದ ಚೈನಿಗೆ ಮೆತ್ತಿಕೊಂಡಿತು. ಅಲ್ಲಿದ್ದ ಗಾರ್ಡ್ ಒಬ್ಬರು ವಾಪಸ್ ಹೋಗಿ ಅಂದರು. ಸುಮ್ನೆ ತಿರುಗಿದೆ. ಬೆಂಕಿ ಆರಿಸುವವರಿಗೆ ಅಡ್ಡ ಬರಬಾರದು, ಅಲ್ವಾ? ಆದರೆ ಅದೇ ಹೊತ್ತಿಗೆ ಗೋವಾ ಕಡೆಯ ಕಾರು, ಲಾರಿ ನನ್ನ ಪಕ್ಕದಲ್ಲೇ ಹೋದವು.

ಚಹಾ ಅಂಗಡಿಯಲ್ಲಿ ಕೇಳಿದೆ. ಒಬ್ಬರು ರಸ್ತೆ ಬಂದ್ ಅಂದರು, ಇನ್ನೊಬ್ಬರು ಕಾಡಿನ ಕಾಲುದಾರಿ ಮಾತ್ರ ಅಂದರು. ಮೊಬೈಲ್ ಮ್ಯಾಪಿನಲ್ಲಿ ಏನೂ ತೋರಿಸಲಿಲ್ಲ. ಖಾನಾಪುರದಿಂದ ಹೆಮ್ಮಡಗಾ ಕಡೆ ಹೋಗೋಣ ಅಂದರೆ ಅದೂ ಭೀಮಗಡ ಅಭಯಾರಣ್ಯದ ಒಳಗೇ ಹೋಗುತ್ತದೆ.

ನನಗೆ ತಿಳಿಯದ್ದು ಇಷ್ಟೇ: ಬೆಂಕಿ ಇದ್ದಾಗಿನ ತಡೆ ಡಾಂಬರು ರಸ್ತೆಯ ಸೈಕಲ್‌ಗೂ ಇದೆಯಾ, ಇಲ್ಲಾ ಚಾರಣದ ದಾರಿಗೆ ಮಾತ್ರಾನಾ? ಮನೆ ಬಿಡುವ ಮೊದಲೇ ಖಚಿತ ಮಾಡಿಕೊಳ್ಳಲು ಯಾರನ್ನು ಕೇಳಬೇಕು?