ಕಂಪನಿ ಪರವಾಗಿ ಪ್ಯಾಚ್ ಕಳಿಸುವಾಗ ಸಿಎಲ್‌ಎಗೆ ಸಹಿ ಹಾಕಬೇಕೆ?

ಪ್ರಶ್ನೆ:
ನಾವು ಬಳಸುವ ಓಪನ್ ಸೋರ್ಸ್ ಲೈಬ್ರರಿಯೊಂದರ ಬಗ್ ಸರಿಪಡಿಸಿದ್ದೇವೆ. ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಮೂಲ ಪ್ರಾಜೆಕ್ಟಿಗೆ ಕಳಿಸಬೇಕೆಂದರೆ, ಅದನ್ನು ನಡೆಸುವ ಕಂಪನಿ ಸಿಎಲ್‌ಎಗೆ, ಅಂದರೆ ಕೊಡುಗೆದಾರರ ಒಪ್ಪಂದಕ್ಕೆ, ಸಹಿ ಕೇಳುತ್ತಿದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಇದು ಬೇಡವಲ್ಲ? ಸಹಿ ಹಾಕಿದರೆ ಏನನ್ನು ಬಿಟ್ಟುಕೊಟ್ಟಂತೆ?

ಉತ್ತರ 1:
ಕಾಪಿರೈಟ್ ಸಾಮಾನ್ಯವಾಗಿ ನಿಮ್ಮಲ್ಲೇ ಉಳಿಯುತ್ತದೆ. ಆದರೆ ಒಪ್ಪಂದದಲ್ಲಿ 'ಸಬ್‌ಲೈಸೆನ್ಸ್' ಹಕ್ಕಿನ ಸಾಲು ಹುಡುಕಿ ಓದಿ. ಅದಿದ್ದರೆ ಕಂಪನಿ ನಾಳೆ ನಿಮ್ಮ ಕೋಡನ್ನು ಬೇರೆ ಲೈಸೆನ್ಸಿನಲ್ಲಿ ಹಂಚಬಹುದು. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ಸರ್ವರ್ ವ್ಯವಸ್ಥೆ ನಿರ್ವಹಿಸುವ ತನ್ನ ಟೆರಾಫಾರ್ಮನ್ನು ಓಪನ್ ಸೋರ್ಸ್ ಲೈಸೆನ್ಸಾದ ಎಂಪಿಎಲ್ 2.0ರಿಂದ, ಬಳಕೆಗೆ ಮಿತಿ ಹಾಕುವ ಬಿಎಸ್‌ಎಲ್ 1.1ಕ್ಕೆ ಬದಲಿಸಿತು, ಹೊರಗಿನವರು ಬರೆದ ಕೋಡೂ ಜೊತೆಗೆ ಹೋಯಿತು. ಹಳೆಯ ಲೈಸೆನ್ಸಿನ ಕೋಡ್ ಹಿಡಿದು ಬೇರೆಯಾದ ಓಪನ್‌ಟೋಫು ಹುಟ್ಟಿದ್ದು ಆಗಲೇ. ಕರ್ನಲ್‌ನ ಕಾಪಿರೈಟ್ ಸಾವಿರಾರು ಜನರಲ್ಲಿ ಹಂಚಿಹೋಗಿದೆ, ಅದರ ಲೈಸೆನ್ಸಾದ ಜಿಪಿಎಲ್ 2 ಬದಲಿಸಲು ಯಾವ ಒಂದು ಕಂಪನಿಗೂ ಸಾಧ್ಯವಿಲ್ಲ. ಅಲ್ಲಿ ಪ್ರತಿ ಕಮಿಟ್‌ಗೆ (ದಾಖಲಾಗುವ ಬದಲಾವಣೆಗೆ), ಕೋಡ್ ಕೊಡುವ ಹಕ್ಕು ತನಗಿದೆ ಎಂದು ದೃಢಪಡಿಸುವ 'ಸೈನ್ಡ್-ಆಫ್-ಬೈ' ಸಾಲು ಸಾಕು. ನನ್ನ ಮಟ್ಟಿಗೆ ಒಂದೇ ಕಂಪನಿಯ ಹಿಡಿತದ ಪ್ರಾಜೆಕ್ಟಿಗೆ ಸಿಎಲ್‌ಎ ಕೊಡುವುದು ತಪ್ಪು.

ಉತ್ತರ 2:
ಸಿಎಲ್‌ಎ ಒಂದನ್ನೇ ದೂರಿ ಪ್ರಯೋಜನವಿಲ್ಲ. ರೆಡಿಸ್ ಎಂಬ ಡೇಟಾಬೇಸ್ ಇದ್ದದ್ದು ಬಿಎಸ್‌ಡಿ ಲೈಸೆನ್ಸಿನಲ್ಲಿ. ಆ ಲೈಸೆನ್ಸೇ ಅಷ್ಟು ಸಡಿಲವಾದ್ದರಿಂದ 2024ರ ಮಾರ್ಚ್‌ನಲ್ಲಿ ಮುಂದಿನ ಆವೃತ್ತಿಗಳ ಲೈಸೆನ್ಸ್ ಬದಲಿಸಲು ಯಾರ ಸಹಿಯೂ ಬೇಕಿರಲಿಲ್ಲ. ಕೆಲವೇ ದಿನಗಳಲ್ಲಿ ರೆಡಿಸ್ 7.2.4ರ ಕೋಡ್ ಹಿಡಿದು ವಾಲ್ಕಿ ಎಂಬ ಬೇರೆ ಪ್ರಾಜೆಕ್ಟ್ ಶುರುವಾಯಿತು, ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ. ಅಷ್ಟು ಬೇಗ ನಿಂತದ್ದು ಹೇಗೆ? ಕೋಡ್ ನೋಡಿಕೊಳ್ಳುತ್ತಿದ್ದ ಹಳೆಯ ಮೇಂಟೇನರ್‌ಗಳಲ್ಲಿ ಬೇರೆ ಕಂಪನಿಗಳವರೂ ಇದ್ದರು. ಹಾಗಾಗಿ ಮೊದಲು ನೋಡಬೇಕಾದ್ದು ಪ್ಯಾಚನ್ನು ಒಳಸೇರಿಸುವ ಮರ್ಜ್ ಹಕ್ಕು ಎಷ್ಟು ಕಂಪನಿಗಳ ಕೈಯಲ್ಲಿದೆ ಎಂಬುದನ್ನು. ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನ 'ಶಾರ್ಟ್‌ಲಾಗ್' ಪಟ್ಟಿಯಲ್ಲಿ ಒಂದು ವರ್ಷದ ಕಮಿಟ್‌ಗಳನ್ನು ಇಮೇಲ್ ಡೊಮೇನ್ ಪ್ರಕಾರ ಎಣಿಸಿದರೆ ಅಂದಾಜು ಸಿಗುತ್ತದೆ. ಸ್ವಂತ ಜಿಮೇಲ್ ಬಳಸುವ ಉದ್ಯೋಗಿಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಉತ್ತರ 3:
ತತ್ವ ಏನೇ ಇರಲಿ, ಪ್ಯಾಚ್ ಒಳಗೇ ಇಟ್ಟುಕೊಂಡರೆ ಪ್ರತಿ ರಿಲೀಸ್‌ಗೂ ರೀಬೇಸ್ ಮಾಡಬೇಕು, ಅಂದರೆ ಹೊಸ ಕೋಡಿನ ಮೇಲೆ ಅದನ್ನು ಮತ್ತೆ ಕೂರಿಸಬೇಕು. ತುರ್ತು ಸೆಕ್ಯುರಿಟಿ ಅಪ್‌ಡೇಟ್ ಬಂದ ದಿನವೇ ಕಾನ್ಫ್ಲಿಕ್ಟ್ (ಎರಡು ಬದಲಾವಣೆಗಳ ತಿಕ್ಕಾಟ) ಎದುರಾದರೆ ಅಪ್‌ಡೇಟ್ ಅಲ್ಲೇ ನಿಲ್ಲುತ್ತದೆ.

ಕಳಿಸುವುದಾದರೆ ನಿಮ್ಮದೊಂದೇ ಸಹಿ ಸಾಲದು. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಕೆಲಸದ ಭಾಗವಾಗಿ ಬರೆದ ಕೋಡ್ ಕಂಪನಿಯದು. ಅಧಿಕಾರವುಳ್ಳವರಿಂದ ಕಾರ್ಪೊರೇಟ್ ಸಿಎಲ್‌ಎ ಮಾಡಿಸಿ, ಉದ್ಯೋಗಿಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಿ. ಸಹಿ ಆದರೂ ಅದನ್ನು ಪರಿಶೀಲಿಸುವ ಬಾಟ್ ಕೆಂಪು ತೋರಿಸಿದರೆ ಬಹುತೇಕ ಕಾರಣ ಒಂದೇ: ಗಿಟ್‌ನಲ್ಲಿರುವ ಇಮೇಲ್ ಬೇರೆ, ಪಟ್ಟಿಯಲ್ಲಿರುವುದು ಬೇರೆ. ಸೈನ್-ಆಫ್ ಕೇಳುವ ಪ್ರಾಜೆಕ್ಟಿನಲ್ಲಿ ಆ ಸಾಲು ಮರೆತಿದ್ದರೆ 'ರೀಬೇಸ್'ಗೆ 'ಸೈನ್‌ಆಫ್' ಆಯ್ಕೆ ಕೊಟ್ಟು ಮತ್ತೆ ಪುಶ್ ಮಾಡಿ.

ಒಂದು ಪ್ಯಾಚಿಗೆ ಒಂದೇ ಬಗ್, ಜೊತೆಗೆ ಹಳೆಯ ಕೋಡಿನಲ್ಲಿ ಫೇಲ್ ಆಗುವ ಟೆಸ್ಟ್. ಇಷ್ಟಿಲ್ಲದೆ ದೊಡ್ಡ ಪ್ಯಾಚ್ ಸುರಿದು ಹೋಗುವ ಕಂಪನಿಗಳಿಂದ ಮೇಂಟೇನರ್‌ಗಳಿಗೆ ರಿವ್ಯೂ ಹೊರೆ ಬೆಳೆಯುತ್ತದೆ ಅಷ್ಟೆ.