ಸಹಾಯ ಬೇಕು: ಲಾಗೌಟ್ ಆದ ಮೇಲೆ ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಸೇವೆ) ಆಡಿಯೋ ಬರುತ್ತಿಲ್ಲ

ಲಿನಕ್ಸ್, ಪೈಪ್‌ವೈರ್ (ಧ್ವನಿ ನಿರ್ವಹಿಸುವ ಸೇವೆ). ಟರ್ಮಿನಲ್‌ನಲ್ಲಿ ಎಂಪಿವಿ (ಮೀಡಿಯಾ ಪ್ಲೇಯರ್) ಕಮಾಂಡ್‌ಗೆ ನೋ-ವಿಡಿಯೋ ಆಯ್ಕೆ ಕೊಟ್ಟರೆ ಎಂಪಿ3 ಫೈಲ್ ಚೆನ್ನಾಗಿ ನುಡಿಯುತ್ತದೆ. ಅದೇ ಸಾಲು ಕ್ರಾನ್‌ಟ್ಯಾಬ್‌ನಲ್ಲಿ (ಕ್ರಾನ್‌ನ ಕೆಲಸಪಟ್ಟಿ) ಹಾಕಿದರೆ ಮೌನ. ಕ್ರಾನ್‌ಗೆ ಎಕ್ಸ್‌ಡಿಜಿ_ರನ್‌ಟೈಮ್_ಡಿಐಆರ್ ವೇರಿಯಬಲ್ (ಯೂಸರ್‌ನ ತಾತ್ಕಾಲಿಕ ಡೈರೆಕ್ಟರಿ ಎಲ್ಲಿದೆ ಎಂದು ತಿಳಿಸುವುದು) ಇರುವುದಿಲ್ಲ, ಹಾಗಾಗಿ ಪೈಪ್‌ವೈರ್ ಸಾಕೆಟ್ (ಅದನ್ನು ಸಂಪರ್ಕಿಸುವ ಫೈಲ್) ಸಿಗುವುದಿಲ್ಲ. ಅದಕ್ಕೆ /ರನ್/ಯೂಸರ್/1000 ಎಂದು ಮೌಲ್ಯ ಕೊಟ್ಟೆ. ಲಾಗಿನ್ ಇರುವಷ್ಟು ಹೊತ್ತು ಸರಿ. ಲಾಗೌಟ್ ಆದೊಡನೆ ಆ ಡೈರೆಕ್ಟರಿಯೇ ಅಳಿಸಿಹೋಗುತ್ತದೆ.

ಲಾಗಿನ್‌ಸಿಟಿಎಲ್ ಕಮಾಂಡ್‌ನಿಂದ ಲಿಂಗರ್ (ಲಾಗೌಟ್ ಆದರೂ ಯೂಸರ್‌ನ ಸೇವೆಗಳು ಓಡುತ್ತಿರುವ ಸೆಟ್ಟಿಂಗ್) ಹಾಕಿದೆ. ಈಗ ಪೈಪ್‌ವೈರ್ ಓಡುತ್ತಿದೆ, ಆದರೂ ಸೌಂಡ್ ಕಾರ್ಡ್ ಕಾಣುತ್ತಿಲ್ಲ. ಲಾಗೌಟ್‌ನಲ್ಲಿ /ಡೆವ್/ಎಸ್‌ಎನ್‌ಡಿ (ಸೌಂಡ್ ಕಾರ್ಡ್‌ನ ಡಿವೈಸ್ ಫೈಲ್‌ಗಳು) ಮೇಲಿನ ಅನುಮತಿ ಹೋಗುವುದೇ ಕಾರಣ ಅನ್ನಿಸುತ್ತಿದೆ. ಯೂಸರ್ ಅನ್ನು 'ಆಡಿಯೋ' ಗ್ರೂಪ್‌ಗೆ ಸೇರಿಸಿದರೆ ಸಾಕೇ, ವೈರ್‌ಪ್ಲಂಬರ್‌ನಲ್ಲೂ (ಪೈಪ್‌ವೈರ್‌ನ ಸೆಷನ್ ಮ್ಯಾನೇಜರ್) ಏನಾದರೂ ಬದಲಿಸಬೇಕೇ?

ಎಪ್ಲೇ (ಧ್ವನಿ ನುಡಿಸುವ ಸರಳ ಕಮಾಂಡ್) ಬಳಸಿ ಎನ್ನಬೇಡಿ, ದಯವಿಟ್ಟು. ಅದು ಎಂಪಿ3 ಡಿಕೋಡ್ ಮಾಡುವುದಿಲ್ಲ, ಕಚ್ಚಾ ಡೇಟಾ ಎಂದು ತಿಳಿದು ಕರ್ಕಶ ಸದ್ದು ಮಾಡುತ್ತದೆ. ವೇವ್‌ಗೆ ಬದಲಿಸಿ ನೇರ ಹಾರ್ಡ್‌ವೇರ್‌ಗೆ ಕಳಿಸಿದರೂ, ಪೈಪ್‌ವೈರ್ ಕಾರ್ಡ್ ಹಿಡಿದಿದ್ದಾಗ 'ಡಿವೈಸ್ ಬಿಜಿ' ಎಂದು ನಿಲ್ಲುತ್ತದೆ.